ನಾಳೆ ಬರೋದಿಲ್ಲ ಎನ್ನುವ ಹಕ್ಕು

ತಿಪಟೂರಿನ ಎಪಿಎಂಸಿ ಅಂಗಳದಲ್ಲಿ ಟೆಂಡರಿನ ದಿನ ಕೊಬ್ಬರಿ ಚೀಲಗಳ ಪಕ್ಕ ನಿಂತರೂ, ತುರುವೇಕೆರೆಯ ಮದುವೆಮನೆಯಲ್ಲಿ ಊಟದ ಪಂಕ್ತಿಗೆ ಕೂತರೂ, ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿಗೆ ಹೋಗುವ ಬಸ್ಸು ಹತ್ತಿದರೂ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ. “ಜೀತ ಗೀತ ಎಲ್ಲ ಯಾವತ್ತೋ ಹೋಯ್ತು ಸ್ವಾಮಿ. ಈಗ ನಾವೇ ಆಳುಗಳ ಜೀತ ಮಾಡ್ತಾ ಇದೀವಿ.”

ಹೀಗೆ ಹೇಳುವವರನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಅವರ ಕಷ್ಟ ನಿಜವಾದದ್ದು. ನುಸಿರೋಗ ಬಂದ ಕಾಲದಿಂದ ತೆಂಗಿನ ತೋಟ ನೆಮ್ಮದಿ ಕಂಡಿಲ್ಲ. ಅದರ ಹಿಂದೆ ಮುಂದೆ ಕಾಂಡ ಸೋರುವ ರೋಗ, ಕಪ್ಪುತಲೆ ಹುಳು, ಬಿಳಿನೊಣ ಬಂದವು. ಕೊಳವೆಬಾವಿಗೆ ಸುರಿದ ಹಣ ನೀರಾಗಿ ಮೇಲೆ ಬಂದದ್ದಕ್ಕಿಂತ ಮಣ್ಣಾದದ್ದೇ ಹೆಚ್ಚು. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. ಮಾಲು ಅಟ್ಟದ ಮೇಲಿಟ್ಟುಕೊಂಡು ನಫೆಡ್ ನೋಂದಣಿಗೆ ಸಾಲುನಿಂತವರಲ್ಲಿ ಅರವತ್ತು ದಾಟಿದವರೂ ಇದ್ದರು. 2025ರಲ್ಲಿ ಬೆಲೆ ಇಪ್ಪತ್ತು ಸಾವಿರ ದಾಟಿದಾಗ ಎಷ್ಟೋ ಜನರ ಅಟ್ಟ ಖಾಲಿಯಾಗಿತ್ತು. ಕಾಯಿ ಕೀಳುವವರು ಸಿಗುವುದಿಲ್ಲ, ಸಿಕ್ಕಿದರೂ ಹೇಳಿದ ದಿನ ಬರುವುದಿಲ್ಲ, ಬಂದರೂ ಅವರು ಹೇಳಿದ್ದೇ ದರ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಊರಲ್ಲಿ ಉಳಿದ ಗಂಡಹೆಂಡತಿ ಉದುರಿದ ಕಾಯಿಯನ್ನು ತಾವೇ ಆರಿಸಿ ಬುಟ್ಟಿ ಹೊರುತ್ತಾರೆ. ಇಷ್ಟೆಲ್ಲ ಆದ ಮೇಲೆ ಬಾಯಿಂದ “ಜೀತ” ಎಂಬ ಮಾತು ಬಂದರೆ ಆಶ್ಚರ್ಯವಿಲ್ಲ.

ಆದರೂ ಆ ಮಾತನ್ನು ಒಪ್ಪಲಾರೆ. ಆಳು ಬರದಿರುವುದು ಜಮೀನಿನವರಿಗೆ ತೊಂದರೆ, ಕೆಲವೊಮ್ಮೆ ದೊಡ್ಡ ನಷ್ಟ. ಅದು ಜೀತವಾಗುವುದಿಲ್ಲ. ಬರದೆ ಇರಲು ಆಳಿಗೆ ಸಾಧ್ಯವಾಗಿದೆಯಲ್ಲ, ಈ ನೆಲದಲ್ಲಿ ಆಗಿರುವ ಅತಿ ದೊಡ್ಡ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು. ಜೀತ ನಿಜವಾಗಿ ಎಲ್ಲಿ ಉಳಿದಿದೆ ಎಂದು ಹುಡುಕಬೇಕಾದರೆ ಕೆಲಸಕ್ಕೆ ಬರದವರ ಕಡೆ ನೋಡಬಾರದು. ನಾಳೆ ಬರೋದಿಲ್ಲ ಎನ್ನಲು ಬಾಯಿ ಬರದವರ ಕಡೆ ನೋಡಬೇಕು. ಅಂಥವರು ನಮ್ಮ ಮೂರು ತಾಲ್ಲೂಕುಗಳಲ್ಲಿ ಇದ್ದಾರೆ. ನಮ್ಮ ತೋಟಗಳ ಒಳಗೇ ಇದ್ದಾರೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ, ಏಕೆಂದರೆ ಜೀತ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವ ಚಿತ್ರ ಬೇರೆ, ಕಾನೂನು ಬರೆದಿರುವುದು ಬೇರೆ. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನೂ ಅದರಂಥ ಎಲ್ಲ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. ಕಾಲು ಶತಮಾನ ಕಳೆದ ಮೇಲೆ, 1975ರ ಅಕ್ಟೋಬರ್‌ನಲ್ಲಿ, ಜೀತ ರದ್ದತಿಯ ಸುಗ್ರೀವಾಜ್ಞೆ ಬಂತು. ಮರುವರ್ಷ ಅದೇ 1976ರ ಕಾಯ್ದೆಯಾಯಿತು. ತುರ್ತುಪರಿಸ್ಥಿತಿಯ ಬಗ್ಗೆ ಏನೇ ಹೇಳಿದರೂ ಆ ಕಾಲದ ಈ ಒಂದು ಕಾಯ್ದೆಗೆ ಕೈಮುಗಿಯಬೇಕು. ಬಿ.ವಿ. ಕಾರಂತರ ‘ಚೋಮನ ದುಡಿ’ ಚಿತ್ರ ಬಂದದ್ದೂ ಅದೇ 1975ರಲ್ಲಿ. ಚೋಮನನ್ನು ಯಾರೂ ಸರಪಳಿ ಹಾಕಿ ಕಟ್ಟಿರಲಿಲ್ಲ. ಕಾಫಿ ತೋಟದ ಸಾಲ ಅವನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಘಟ್ಟಕ್ಕೆ ಎಳೆದುಕೊಂಡು ಹೋಯಿತು. ಮೂಲ ಕಾದಂಬರಿ ಬರೆದ ಶಿವರಾಮ ಕಾರಂತರು 1930ರ ದಶಕದಲ್ಲೇ ಕಂಡಿದ್ದ ಆ ಸಾಲವನ್ನೇ ಕಾಯ್ದೆ ತನ್ನ ವ್ಯಾಖ್ಯೆಯ ನಡುವೆ ಇಟ್ಟಿತು.

ಆ ವ್ಯಾಖ್ಯೆಯಲ್ಲಿ ಹೊಡೆತ ಬಡಿತದ ಮಾತಿಲ್ಲ. ಮುಂಗಡ ಪಡೆದದ್ದಕ್ಕೋ, ರೂಢಿಯಿಂದಲೋ, ಅಪ್ಪ ಮಾಡಿದ ಸಾಲಕ್ಕೋ, ಹುಟ್ಟಿದ ಜಾತಿಯ ಕಾರಣಕ್ಕೋ ಒಬ್ಬ ಮನುಷ್ಯ ಇನ್ನೊಬ್ಬನಿಗೆ ದುಡಿಯುತ್ತಿದ್ದು, ಅದರಿಂದಾಗಿ ನಾಲ್ಕರಲ್ಲಿ ಒಂದನ್ನು ಕಳೆದುಕೊಂಡಿದ್ದರೂ ಸಾಕು, ಅದು ಜೀತ. ನ್ಯಾಯವಾದ ಕೂಲಿ ಸಿಗದಿರುವುದು ಮೊದಲನೆಯದು. ಬೇರೆ ಕಡೆ ಕೆಲಸಕ್ಕೆ ಹೋಗಲಾಗದಿರುವುದು ಎರಡನೆಯದು. ಇಷ್ಟ ಬಂದಲ್ಲಿ ಓಡಾಡಲಾಗದಿರುವುದು ಮೂರನೆಯದು. ತನ್ನ ವಸ್ತುವನ್ನೋ ತಾನು ದುಡಿದು ಬೆಳೆದದ್ದನ್ನೋ ಮಾರುಕಟ್ಟೆಯ ಬೆಲೆಗೆ ಮಾರಲಾಗದಿರುವುದು ನಾಲ್ಕನೆಯದು. ಈ ನಾಲ್ಕನೆಯದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಕೊಬ್ಬರಿ ಬೆಳೆಗಾರನಿಗೆ ಅದರಿಂದ ಬೇಕಾದದ್ದು ಬಹಳ ಇದೆ.

1982ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕಾಗಿ ದುಡಿಯುತ್ತಿದ್ದ ಕೂಲಿಕಾರರ ಪ್ರಕರಣವದು. ಬಲವಂತ ಎಂದರೆ ಕೋಲು ಹಿಡಿದು ನಿಂತವನ ಬಲವಂತ ಮಾತ್ರವಲ್ಲ, ಹಸಿವೆಯೂ ಬಲವಂತವೇ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ತೀರ್ಪಿತ್ತರು. ಕನಿಷ್ಠ ಕೂಲಿಗಿಂತ ಕಡಿಮೆಗೆ ಒಬ್ಬ ದುಡಿಯುತ್ತಿದ್ದಾನೆ ಎಂದರೆ ಬೇರೆ ದಾರಿಯಿಲ್ಲದೆ ದುಡಿಯುತ್ತಿದ್ದಾನೆ ಎಂದೇ ಅರ್ಥ. ಅದೂ ಬಲವಂತದ ದುಡಿಮೆಯೇ.

ಇದು ಅತಿಯಾಯಿತು ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಕಡೆಯ ಹಳೆಯ ಜೀತವನ್ನು ನೆನೆದರೆ ಸಾಕು. ಯುಗಾದಿಯಿಂದ ಯುಗಾದಿಗೆ ಸಂಬಳಕ್ಕಿದ್ದ ಆಳನ್ನು ಯಾರು ಕಟ್ಟಿಹಾಕಿದ್ದರು? ಎರಡು ಹೊತ್ತಿನ ಮುದ್ದೆ, ವರ್ಷಕ್ಕೊಂದು ಕಂಬಳಿ, ಒಂದು ಜೊತೆ ಮೆಟ್ಟು, ಮಗಳ ಮದುವೆಗೆ ಕೊಟ್ಟ ಇಷ್ಟು ಹಣ. ಬಿಟ್ಟು ಹೋದರೆ ಆ ರಾತ್ರಿಯ ಊಟ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಇರಲಿಲ್ಲ. ದೊಡ್ಡಿ ಬಾಗಿಲಿಗೆ ಬೀಗ ಇಲ್ಲದಿದ್ದರೂ ಅವನು ಹೋಗುತ್ತಿರಲಿಲ್ಲ.

ಹಳೆಯ ಕಾಲದ ಬಗ್ಗೆ ಇನ್ನೊಂದು ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಿಂದೆ ಊರವರೆಲ್ಲ ಒಂದಾಗಿ ಕೆರೆ ಹೂಳೆತ್ತುತ್ತಿದ್ದರು, ಏರಿ ಕಟ್ಟುತ್ತಿದ್ದರು, ಕಾಲುವೆ ತೋಡುತ್ತಿದ್ದರು, ಆ ಒಗ್ಗಟ್ಟು ಈಗ ಎಲ್ಲಿ ಎಂದು ವೇದಿಕೆಯ ಮೇಲೆ ಮಾತಾಡುತ್ತೇವೆ. ನೊಣವಿನಕೆರೆಯಂಥ ದೊಡ್ಡ ಕೆರೆಯ ಏರಿಯ ಮೇಲೆ ನಿಂತಾಗ ಅದನ್ನು ಕಟ್ಟಿದ ಕೈಗಳ ಬಗ್ಗೆ ಗೌರವ ಉಕ್ಕುವುದು ಸಹಜ. ಆದರೆ ಮಣ್ಣು ಹೊತ್ತವರು ಯಾರು, ಹೊರಿಸಿದವರು ಯಾರು ಎಂದು ಕೇಳಿದ ಕೂಡಲೇ ಒಗ್ಗಟ್ಟಿನ ಚಿತ್ರ ಬದಲಾಗುತ್ತದೆ. ಹೊಯ್ಸಳರ, ವಿಜಯನಗರದ ಕಾಲದ ಶಾಸನಗಳಲ್ಲಿ ತೆರಿಗೆಗಳ ಪಟ್ಟಿಯ ನಡುವೆ ಬಿಟ್ಟಿಯೂ ಬರುತ್ತದೆ. ಅಂದರೆ ಕೂಲಿಯಿಲ್ಲದ ದುಡಿಮೆ ಪ್ರಭುತ್ವಕ್ಕೆ ಸಲ್ಲಬೇಕಾದ ಬಾಕಿಯಾಗಿತ್ತು. ದೇವಸ್ಥಾನಕ್ಕೋ ಅಗ್ರಹಾರಕ್ಕೋ ಊರು ಬಿಟ್ಟುಕೊಟ್ಟಾಗ ಅದನ್ನು ಮನ್ನಾ ಮಾಡುತ್ತಿದ್ದರು. ಮನ್ನಾ ಮಾಡುವಂಥದ್ದನ್ನು ಯಾರೂ ಖುಷಿಯಿಂದ ಕೊಡುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೂ ತೋಟಿ, ತಳವಾರ, ನೀರುಗಂಟಿಯ ಕೆಲಸ ಅಪ್ಪನಿಂದ ಮಗನಿಗೆ ಇಳಿಯುತ್ತಲೇ ಇತ್ತು. ಮೈಸೂರು ರಾಜ್ಯ 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತಂದು, 1963ರಿಂದ ಆ ವಂಶಪಾರಂಪರ್ಯವನ್ನು ಕೊನೆಗಾಣಿಸಿತು. ಹೆಣ ಸುಡಲು ಸೌದೆ ಹೊರುವುದು, ಸತ್ತ ದನ ಎಳೆಯುವುದು, ಸಾಹೇಬರು ಬಂದಾಗ ಮುಂದೆ ಓಡುವುದು, ಹಬ್ಬಕ್ಕೆ ತಮಟೆ ಬಡಿಯುವುದು ಆಯಾ ಮನೆಯವರ ಪಾಲಿಗೆ ಬಂದ ಕರ್ತವ್ಯ ಎಂದು ಊರು ಭಾವಿಸಿತ್ತು. ಕಾಯ್ದೆ ಹುದ್ದೆಯನ್ನು ತೆಗೆದರೂ ಊರಿನ ನಿರೀಕ್ಷೆ ಎಷ್ಟು ನಿಧಾನವಾಗಿ ಹೋಯಿತು ಎಂಬುದನ್ನು ಈಗ ಐವತ್ತು ದಾಟಿದ ಎಲ್ಲರೂ ಕಂಡಿದ್ದಾರೆ.

ಕರ್ತವ್ಯವೆಂದು ಮಾಡುವ ಸಣ್ಣಪುಟ್ಟ ಊರ ಕೆಲಸವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1930ರ ಒಪ್ಪಂದವೂ ಬಲವಂತದ ದುಡಿಮೆ ಎಂದು ಎಣಿಸುವುದಿಲ್ಲ. ಆದರೆ ಒಂದು ಷರತ್ತಿದೆ. ಕೆಲಸ ಬೇಕೋ ಬೇಡವೋ ಎಂದು ಹೇಳುವ ಹಕ್ಕು ಆ ಸಮುದಾಯದವರಿಗೋ ಅವರ ನೇರ ಪ್ರತಿನಿಧಿಗಳಿಗೋ ಇರಬೇಕು. ನಮ್ಮ ಹಳೆಯ ಕೆರೆ ಕೆಲಸಕ್ಕೆ ಈ ಷರತ್ತನ್ನು ಹಚ್ಚಿದರೆ ಅದು ನಿಲ್ಲುವುದಿಲ್ಲ. ಏರಿಯ ಮಣ್ಣು ಹೊತ್ತ ಕೇರಿಯವರ ಅಭಿಪ್ರಾಯವನ್ನು ಪಂಚಾಯಿತಿ ಕಟ್ಟೆ ಕೇಳಿದ ದಿನ ಇರಲಿಲ್ಲ.

ಈಗಿನ ಕಾಲಕ್ಕೆ ಬರುತ್ತೇನೆ. 2018ರ ಡಿಸೆಂಬರ್‌ನಲ್ಲಿ ಹಾಸನದ ಹತ್ತಿರ ಸಾವಂಕನಹಳ್ಳಿಯ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂತು. 52 ಜನರನ್ನು ಶೆಡ್ಡಿನಲ್ಲಿ ಕೂಡಿಹಾಕಿ, ಕಾವಲಿಟ್ಟು, ಶುಂಠಿ ಮತ್ತಿತರ ಕೆಲಸಕ್ಕೆ ದುಡಿಸುತ್ತಿದ್ದರು. ಕೂಲಿ ಕೊಡಿಸುತ್ತೇವೆಂದು ನಂಬಿಸಿ ಕರೆತಂದಿದ್ದರು. ಬೇರೆ ರಾಜ್ಯದವರ ಜೊತೆ ನಮ್ಮ ರಾಜ್ಯದ ಜಿಲ್ಲೆಗಳವರೂ ಅದರಲ್ಲಿದ್ದರು. ಒಬ್ಬ ಗೋಡೆ ಹಾರಿ ತಪ್ಪಿಸಿಕೊಂಡು ಹೊರಗೆ ಹೇಳಿದ್ದರಿಂದ ವಿಷಯ ಬಯಲಾಯಿತು. ಹಾಸನ ನಮಗೆ ದೂರದ ಊರಲ್ಲ, ಅರಸೀಕೆರೆ ದಾಟಿದರೆ ಬಂತು. ಓದಿದ ಎಲ್ಲರೂ ಬೆಚ್ಚಿದೆವು.

ಹಾಗೆ ಬೆಚ್ಚಿದ್ದು ಒಳ್ಳೆಯದೇ. ಆದರೆ ಆ ಪ್ರಕರಣ ನಮ್ಮ ಕಣ್ಣಿಗೆ ಒಂದು ಅಳತೆಗೋಲನ್ನೂ ಕೊಟ್ಟುಬಿಟ್ಟಿತು. ಗೋಡೆ, ಕಾವಲುಗಾರ, ಚಾಟಿ ಇದ್ದರೆ ಜೀತ, ಇಲ್ಲದಿದ್ದರೆ ಅಲ್ಲ ಎಂದು ತೀರ್ಮಾನಿಸಿಕೊಂಡೆವು. ಅಧಿಕಾರಿಗಳೂ ಹಾಗೇ ತೀರ್ಮಾನಿಸಿದರು. ದೂರು ಬಂದ ಜಾಗಕ್ಕೆ ಹೋಗಿ, ಬಾಗಿಲು ತೆರೆದಿದೆಯೇ ನೋಡಿ, “ನಿನ್ನನ್ನು ಯಾರಾದರೂ ಕೂಡಿಹಾಕಿದ್ದಾರಾ” ಎಂದು ಯಜಮಾನನ ಎದುರಿನಲ್ಲೇ ಕೇಳಿ, “ಇಲ್ಲ ಸಾರ್” ಎಂಬ ಉತ್ತರ ಬರೆದುಕೊಂಡು ಬರುವ ತನಿಖೆಯಿಂದ ಯಾವ ಜೀತವೂ ಹೊರಬರುವುದಿಲ್ಲ.

ನಮ್ಮ ಕಡೆ ಬೀಗ ಇರುವುದು ಬಾಗಿಲಲ್ಲಿ ಅಲ್ಲ, ಲೆಕ್ಕದ ಪುಸ್ತಕದಲ್ಲಿ. ತೋಟದ ಮನೆಯ ಒಂದು ಸಂಸಾರವನ್ನು ತೆಗೆದುಕೊಳ್ಳಿ. ಉತ್ತರ ಕರ್ನಾಟಕದಿಂದಲೋ ಆಂಧ್ರದ ಗಡಿಯಿಂದಲೋ ಬಂದ ಗಂಡಹೆಂಡತಿ, ಎರಡು ಮಕ್ಕಳು. ಕೆಲಸ ಕೇಳಿದರೆ ಹಗುರ ಅನ್ನಿಸುತ್ತದೆ: ತೋಟ ನೋಡಿಕೊಳ್ಳುವುದು. ಆ “ನೋಡಿಕೊಳ್ಳುವುದು” ಎಂಬುದರೊಳಗೆ ಉದುರಿದ ಕಾಯಿ ಆರಿಸಿ ಗುಡ್ಡೆ ಹಾಕುವುದು, ಗರಿ, ಹೆಡೆಮಟ್ಟೆ ಎಳೆದು ಒಟ್ಟುವುದು, ಹಸುವಿನ ಸೆಗಣಿ ಬಾಚುವುದು, ಹಾಲು ಕರೆದು ಡೇರಿಗೆ ಹಾಕುವುದು, ಹನಿ ನೀರಾವರಿಯ ಪೈಪು ಕಟ್ಟಿಕೊಂಡರೆ ಬಿಡಿಸುವುದು, ತ್ರೀಫೇಸ್ ಕರೆಂಟು ರಾತ್ರಿ ಒಂದಕ್ಕೆ ಬಂದರೆ ರಾತ್ರಿ ಒಂದಕ್ಕೆ ಎದ್ದು ಹೋಗಿ ಮೋಟಾರು ಹಾಕುವುದು, ಎಲ್ಲ ಸೇರಿದೆ. ಶನಿವಾರ, ಭಾನುವಾರ, ಅಮಾವಾಸ್ಯೆ ಎಂಬುದಿಲ್ಲ.

ಬರುವಾಗಲೇ ಅಡ್ವಾನ್ಸ್ ಪಡೆದಿರುತ್ತಾರೆ. ಒಂದು ಮಾದರಿ ಲೆಕ್ಕ ಹಾಕಿ ನೋಡೋಣ. ಅಡ್ವಾನ್ಸ್ 50,000. ಇಬ್ಬರಿಗೂ ಸೇರಿ ತಿಂಗಳಿಗೆ 14,000. ಅದರಲ್ಲಿ 4,000 ಅಡ್ವಾನ್ಸಿಗೆ ಮುರಿದುಕೊಂಡು ಉಳಿದದ್ದರಲ್ಲಿ ಸಂಸಾರ ನಡೆಯಬೇಕು. ಹನ್ನೆರಡು ತಿಂಗಳಿಗೆ 48,000 ತೀರಿತು ಎನ್ನೋಣ. ಈ ನಡುವೆ ಮಗುವಿಗೆ ಜ್ವರ ಬಂದು ಆಸ್ಪತ್ರೆಗೆ 8,000 ಆಯಿತು. ತಂಗಿಯ ಮದುವೆಗೆ 20,000 ಕೇಳಿದ. ಜಾತ್ರೆಗೆ ಊರಿಗೆ ಹೋಗಿಬರಲು 6,000 ಬೇಕಾಯಿತು. ಯುಗಾದಿಯ ಹೊತ್ತಿಗೆ ಪುಸ್ತಕ ತೆಗೆದರೆ ಬಾಕಿ 36,000. ವರ್ಷವಿಡೀ ಇಬ್ಬರು ದುಡಿದು ಸಾಲ ಇಳಿದದ್ದು 14,000 ಮಾತ್ರ. ಈ ಲೆಕ್ಕದಲ್ಲಿ ಯಜಮಾನ ಒಂದು ರೂಪಾಯಿಯೂ ಮೋಸ ಮಾಡಿಲ್ಲ, ಬಡ್ಡಿಯನ್ನೂ ಹಾಕಿಲ್ಲ. ಹಾಗಿದ್ದೂ ಆ ಸಂಸಾರ ಇನ್ನೊಂದು ವರ್ಷ ಕದಲುವ ಹಾಗಿಲ್ಲ.

ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ಇಬ್ಬರಿಗೆ 14,000 ಎಂದರೆ ತಲೆಗೆ ದಿನಕ್ಕೆ 233 ರೂಪಾಯಿ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿಯೇ 370 ಇತ್ತು. ಹೊರಗೆ ಹೋದರೆ ಇದಕ್ಕಿಂತ ಹೆಚ್ಚು ಸಿಗುತ್ತದೆಂದು ಆ ಗಂಡಸಿಗೂ ಗೊತ್ತು, ಹೆಂಗಸಿಗೂ ಗೊತ್ತು. ಗೊತ್ತಿದ್ದೂ ಹೋಗಲಾಗದಂತೆ ಹಿಡಿದಿರುವುದು ಆ 50,000. ಆದ್ದರಿಂದ ಅಡ್ವಾನ್ಸ್ ಎನ್ನುವುದು ಕಷ್ಟಕ್ಕೆ ಕೊಟ್ಟ ಸಹಾಯ ಮಾತ್ರ ಎಂದು ನಾನು ಒಪ್ಪುವುದಿಲ್ಲ. ಅದು ದಿನದ ಕೂಲಿಯಲ್ಲಿ ನೂರಕ್ಕೂ ಹೆಚ್ಚು ರೂಪಾಯಿ ಇಳಿಸಿಕೊಳ್ಳಲು ಕೊಡುವ ಹಣ. ಬಡ್ಡಿ ಹಾಕಿಲ್ಲ ಎಂದೆನಲ್ಲ, ಬಡ್ಡಿ ಇರುವುದು ಅಲ್ಲಿ.

“ಮನೆ ಕೊಟ್ಟಿದ್ದೀವಲ್ಲ, ಕರೆಂಟು ಫ್ರೀ, ಕಾಯಿ ಫ್ರೀ, ಹಾಲೂ ಕೊಡ್ತೀವಿ” ಎನ್ನುತ್ತಾರೆ. ಕೊಡುವವರು ನಿಜವಾಗಿ ಕೊಡುತ್ತಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮನೆ ಕೊಟ್ಟದ್ದು ರಾತ್ರಿ ಒಂದಕ್ಕೆ ಮೋಟಾರು ಹಾಕಲು ಅವನು ಅಲ್ಲೇ ಇರಬೇಕೆಂಬುದಕ್ಕೆ. “ನಮ್ಮ ಮನೆಯವನ ಥರಾನೇ ನೋಡ್ಕೋತೀವಿ” ಎನ್ನುವವರಿಗೆ ನಾನು ವಿನಯದಿಂದ ಕೇಳುವ ಪ್ರಶ್ನೆ ಒಂದೇ. ನಿಮ್ಮ ಮನೆಯ ಹುಡುಗ ಬೆಂಗಳೂರಲ್ಲಿ ಬೇರೆ ಕೆಲಸ ಸಿಕ್ಕಿತು, ನಾಳೆ ಹೊರಡುತ್ತೇನೆ ಎಂದರೆ ಚೀಲ ತುಂಬಿ ಕಳಿಸುತ್ತೀರಿ. ಈ ಹುಡುಗ ಹಾಗೆಂದರೆ ಏನು ಮಾಡುತ್ತೀರಿ?

ಕೆಲಸ ಕಷ್ಟದ್ದೋ ಸುಲಭದ್ದೋ ಎಂಬುದು ಇಲ್ಲಿ ಮುಖ್ಯವಲ್ಲ ಎಂಬುದಕ್ಕೆ ನಮ್ಮ ಕೊಬ್ಬರಿ ಶೆಡ್ಡಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಎಂಟು, ಹತ್ತು, ಹನ್ನೆರಡು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿ ಕೆಳಗಿಳಿಯುತ್ತದೆ. ಅಲ್ಲಾಡಿಸಿದರೆ ಒಳಗೆ ಉಂಡೆ ಗಡಗಡ ಎನ್ನಬೇಕು. ಸಿಪ್ಪೆ ಸುಲಿದ ಮೇಲೆ ಹೆಂಗಸರು ಗೋಣಿಚೀಲ ಹಾಸಿಕೊಂಡು ಕೂರುತ್ತಾರೆ. ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ಮಚ್ಚು. ಚಿಪ್ಪಿಗೆ ಸುತ್ತ ಪೆಟ್ಟು ಬೀಳಬೇಕು, ಉಂಡೆಗೆ ಗೀರು ಬೀಳಬಾರದು, ಏಕೆಂದರೆ ಒಡೆದ ಕೊಬ್ಬರಿಗೆ ಉಂಡೆಯ ಬೆಲೆ ಇಲ್ಲ. ಬೆರಳಿಗೂ ಮಚ್ಚಿಗೂ ನಡುವೆ ಇರುವುದು ಎಷ್ಟೋ ವರ್ಷದ ಅಭ್ಯಾಸ ಒಂದೇ. ಧೂಳಿಗೆ ಕೆಮ್ಮು, ಕೂತಲ್ಲೇ ಕೂತು ಸೊಂಟನೋವು. ತೋಟ ಕಾಯುವುದಕ್ಕಿಂತ ಇದು ಹೆಚ್ಚು ಅಪಾಯದ ಕೆಲಸ. ಆದರೂ ಈ ಹೆಂಗಸರು ಹತ್ತು ಜನ ಸೇರಿ ಬರುತ್ತಾರೆ, ಸಾವಿರ ಕಾಯಿಗೆ ಇಷ್ಟೆಂದು ಮೊದಲೇ ಮಾತಾಡುತ್ತಾರೆ, ದರ ಒಪ್ಪಿಗೆಯಾಗದಿದ್ದರೆ ಪಕ್ಕದ ಊರಿನ ಶೆಡ್ಡಿಗೆ ಹೋಗುತ್ತಾರೆ. ಅವರು ಕಷ್ಟಜೀವಿಗಳು, ಸ್ವತಂತ್ರರೂ ಹೌದು. ಅದೇ ಶೆಡ್ಡಿಗೆ ಮೇಸ್ತ್ರಿಯೊಬ್ಬ ಅಡ್ವಾನ್ಸ್ ಕೊಟ್ಟು ದೂರದಿಂದ ಕರೆತಂದ ತಂಡ ಬಂದರೆ, ಅದೇ ಮಚ್ಚು, ಅದೇ ಕಾಯಿ, ಆದರೆ ಆ ತಂಡದವರು ದರದ ಮಾತೆತ್ತುವುದಿಲ್ಲ.

“ಅವನೇ ಬಂದ, ಅವನೇ ಕೇಳಿದ, ಅವನೇ ಹೆಬ್ಬೆಟ್ಟು ಒತ್ತಿದ, ನಾವೇನು ಬಲವಂತ ಮಾಡಿದೆವಾ?” ಈ ವಾದ ಮೇಲ್ನೋಟಕ್ಕೆ ಗಟ್ಟಿಯಾಗಿ ಕಾಣುತ್ತದೆ. ಆದರೆ ಜೀತಕ್ಕೆ ಬಂದವರೆಲ್ಲ ಎಂದೂ ತಾವೇ ಬಂದವರು. ಅದನ್ನು ಬಲ್ಲ ಕಾಯ್ದೆ ಒಪ್ಪಿಗೆಯ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಬರುವಾಗ ಒಪ್ಪಿದನೇ ಎಂಬುದಕ್ಕಿಂತ ಹೋಗುವಾಗ ಹೋಗಬಹುದೇ ಎಂಬುದು ಮುಖ್ಯ. ಅಷ್ಟೇ ಅಲ್ಲ, ಇದು ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊಣೆಯನ್ನು 15ನೇ ಸೆಕ್ಷನ್ ಸಾಲ ಕೊಟ್ಟವನ ಮೇಲೆ ಹೊರಿಸಿದೆ. ಹೆಬ್ಬೆಟ್ಟು ಒತ್ತಿದ ಕಾಗದ ಕೊಟ್ಟವನನ್ನು ಕಾಯುವುದಿಲ್ಲ. ಬಹಳ ಸಲ ಅದೇ ಅವನ ವಿರುದ್ಧದ ಸಾಕ್ಷಿಯಾಗುತ್ತದೆ.

“ಅಡ್ವಾನ್ಸ್ ತಗೊಂಡು ರಾತ್ರೋರಾತ್ರಿ ಓಡಿಹೋದ” ಎಂಬ ದೂರು ಇನ್ನೂ ನಿಜವಾದದ್ದು. ಹೀಗೆ ಹಣ ಕಳೆದುಕೊಂಡವರು ಬಹಳ ಜನ, ಅವರಲ್ಲಿ ಎರಡು ಎಕರೆಯವರೂ ಇದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಸಾಲ ತೀರಿಸದವನ ಮೇಲೆ ಬ್ಯಾಂಕು, ಸಹಕಾರ ಸಂಘ, ಅಂಗಡಿಯವನು ಏನು ಮಾಡಬಹುದೋ ಅಷ್ಟನ್ನು ತೋಟದವನೂ ಮಾಡಬಹುದು. ಸಾಲಕ್ಕೆ ಬದಲಾಗಿ ಮನುಷ್ಯನನ್ನು ಹಿಡಿದಿಟ್ಟುಕೊಳ್ಳುವ ಅಧಿಕಾರ ಬ್ಯಾಂಕಿಗೂ ಇಲ್ಲ. ಅದು ಯಾರಿಗೂ ಇರಬಾರದೆಂದೇ ಈ ಕಾಯ್ದೆ ಬಂದದ್ದು. ಕೊಡದೆ ಓಡಿಹೋದವರು ಹೆಚ್ಚಾಗಿದ್ದಾರೆ ಎಂದರೆ, ಹೇಳಿ ಹೋಗುವ ದಾರಿಯನ್ನು ನಾವು ಮುಚ್ಚಿದ್ದೇವೆ ಎಂದೂ ಅದರ ಅರ್ಥವಿರಬಹುದು.

ಇಲ್ಲಿಂದ ಮುಂದಿನ ಮಾತಿಗೆ ನನ್ನ ಅನೇಕ ಸ್ನೇಹಿತರು ಮುನಿಸಿಕೊಳ್ಳುತ್ತಾರೆ ಎಂಬುದು ಗೊತ್ತು. ತೆಂಗಿನ ಸೀಮೆಯಲ್ಲಿ ಆಳಿನ ಕೊರತೆಗೆ “ಬಿಟ್ಟಿ ಭಾಗ್ಯ”ಗಳೇ ಕಾರಣ ಎಂಬುದು ಈಗ ಸರ್ವಸಮ್ಮತ ಅಭಿಪ್ರಾಯ. ಅಕ್ಕಿ ಪುಕ್ಕಟೆ ಸಿಕ್ಕಿದರೆ ಯಾರು ಕೆಲಸಕ್ಕೆ ಬರುತ್ತಾರೆ? 2013ರ ಜುಲೈನಲ್ಲಿ ಅನ್ನಭಾಗ್ಯ, 2023ರ ಆಗಸ್ಟ್‌ನಲ್ಲಿ ಮನೆಯೊಡತಿಗೆ ತಿಂಗಳಿಗೆ 2,000ದ ಗೃಹಲಕ್ಷ್ಮಿ ಬಂದವು. ಜನ ಸೋಮಾರಿಗಳಾದರು ಎನ್ನುತ್ತಾರೆ.

ನನ್ನ ಅಭಿಪ್ರಾಯ ಇದಕ್ಕೆ ನೇರ ವಿರುದ್ಧ. ಹಸಿವೆ ಬಲವಂತ ಎಂದು ನ್ಯಾಯಾಲಯ ಹೇಳಿದ್ದು ನಿಜವಾದರೆ, ಹಸಿವೆಯನ್ನು ತೆಗೆದದ್ದು ಬಲವಂತವನ್ನು ತೆಗೆದ ಹಾಗೆ. 1976ರ ಕಾಯ್ದೆ ಕಾಗದದ ಮೇಲೆ ಕೊಟ್ಟ ಬಿಡುಗಡೆಯನ್ನು ಮನೆಯ ಮೂಲೆಯಲ್ಲಿದ್ದ ಅಕ್ಕಿಚೀಲ ಕೈಗೆ ಕೊಟ್ಟಿತು. ಯಜಮಾನ ಹೇಳಿದ ದರಕ್ಕೆ “ಆಗಲ್ಲ ಗೌಡ್ರೇ” ಎನ್ನಲು ಎರಡು ವಾರದ ಊಟ ಮನೆಯಲ್ಲಿರಬೇಕು. ಅದಿಲ್ಲದ ಕಾಲದಲ್ಲಿ ಕೂಲಿ ಏರಲಿಲ್ಲ, ಅದು ಬಂದ ಮೇಲೆ ಏರಿತು. ಸೋಮಾರಿಗಳಾಗಿದ್ದರೆ ಅವರು ಮನೆಯಲ್ಲಿರಬೇಕಿತ್ತು. ಅವರಲ್ಲಿ ಎಷ್ಟೋ ಜನ ಗಾರ್ಮೆಂಟ್ಸಿಗೆ, ಗಾರೆ ಕೆಲಸಕ್ಕೆ, ಆಟೋ ಓಡಿಸಲು, ಕಾಯಿಪುಡಿ ಕಾರ್ಖಾನೆಗೆ ಹೋಗಿದ್ದಾರೆ. ದುಡಿಮೆ ಬಿಟ್ಟಿಲ್ಲ, ನಮ್ಮ ತೋಟ ಬಿಟ್ಟಿದ್ದಾರೆ.

ಊರಿನ ಕೇರಿಯವರು ಹೀಗೆ ಬಿಡುಗಡೆಯಾದ ಮೇಲೆಯೇ ನಾವು ದೂರದವರನ್ನು ಅಡ್ವಾನ್ಸ್ ಕೊಟ್ಟು ತರಲು ಶುರು ಮಾಡಿದ್ದು. ಅವರ ಪಡಿತರ ಚೀಟಿ, ಅವರ ಬಂಧುಬಳಗ, ಅವರ ಮಾತು ಕೇಳುವ ಪಂಚಾಯಿತಿ ಸದಸ್ಯ, ಎಲ್ಲ ಅವರ ಊರಿನಲ್ಲೇ ಉಳಿದಿದೆ. ಇಲ್ಲಿ ಅವರಿಗೆ ಗೊತ್ತಿರುವವನು ತೋಟದ ಯಜಮಾನ ಒಬ್ಬನೇ. ಜೀತ ಹೋಗಲಿಲ್ಲ, ನಮ್ಮೂರ ಕೇರಿಯಿಂದ ಎದ್ದು ತೋಟದ ಮನೆಗೆ ಬಂದು ಕೂತಿತು.

ಈಗ ಆ ನಾಲ್ಕನೆಯ ಅಂಶಕ್ಕೆ ಮರಳುತ್ತೇನೆ. ತಾನು ಬೆಳೆದದ್ದನ್ನು ಮಾರುಕಟ್ಟೆ ಬೆಲೆಗೆ ಮಾರುವ ಹಕ್ಕನ್ನು ಸಾಲದ ಕಾರಣಕ್ಕೆ ಕಳೆದುಕೊಳ್ಳುವುದನ್ನೂ ಕಾಯ್ದೆ ಜೀತದ ಲಕ್ಷಣಗಳಲ್ಲಿ ಎಣಿಸಿದೆ. ನಮ್ಮ ಕೊಬ್ಬರಿ ಬೆಳೆಗಾರರಲ್ಲಿ ಮಗಳ ಮದುವೆಗೋ ಬೋರ್‌ವೆಲ್ ಕೊರೆಸಲೋ ಮಂಡಿಯಿಂದ ಹಣ ತಂದವರು ಎಷ್ಟಿಲ್ಲ? ಹಾಗೆ ತಂದವನು ಮಾಲನ್ನು ಆ ಮಂಡಿಗೇ ಹಾಕಬೇಕು. ಬೆಲೆ ಏರುವ ತನಕ ಅಟ್ಟದ ಮೇಲಿಡುತ್ತೇನೆ ಎನ್ನುವಂತಿಲ್ಲ. ಇ-ಟೆಂಡರ್ ಬಂದು ಹತ್ತು ವರ್ಷ ದಾಟಿದರೂ ಮುಂಗಡ ಪಡೆದವನ ಚೀಲಕ್ಕೆ ಆಯ್ಕೆಯ ದಾರಿ ಕಿರಿದು. ಬೆಲೆ ಬಿದ್ದ ವರ್ಷ ಅಗ್ಗಕ್ಕೆ ಮಾರಿ, ಏರಿದ ವರ್ಷ ಖಾಲಿ ಅಟ್ಟ ನೋಡಿಕೊಂಡು ಕೂತವರಲ್ಲಿ ಇವರೇ ಹೆಚ್ಚು.

ಬೆಳೆಗಾರ ಜೀತ ಮಾಡುತ್ತಿದ್ದೇನೆ ಎಂದರೆ, ಹೌದು, ಅವನ ಮಾತಿನಲ್ಲಿ ಒಂದು ಸತ್ಯವಿದೆ. ಆದರೆ ಅವನನ್ನು ಕಟ್ಟಿಹಾಕಿರುವವನು ಕಾಯಿ ಕೀಳಲು ಬಾರದ ಆಳಲ್ಲ. ಅವನನ್ನು ಮಂಡಿಗೆ ಕಟ್ಟಿದ ಹಗ್ಗ ಯಾವುದೋ, ತೋಟದ ಮನೆಯ ಸಂಸಾರವನ್ನು ಅವನಿಗೆ ಕಟ್ಟಿರುವ ಹಗ್ಗವೂ ಅದೇ. ಮೇಲಿನ ಗಂಟು ಬಿಚ್ಚಬೇಕು, ಕೆಳಗಿನದು ಇರಲಿ ಎಂದು ಕೇಳಲು ಬರುವುದಿಲ್ಲ. ಮಂಡಿಯ ಮುಂಗಡಕ್ಕೆ ಬದಲಾಗಿ ಸಹಕಾರ ಸಂಘದಲ್ಲಿ ಅಡಮಾನ ಸಾಲ ಸಿಗಲಿ, ಮಾಲು ಗೋದಾಮಿನಲ್ಲಿಟ್ಟು ಬೆಲೆ ಕಾಯಲು ಅನುಕೂಲವಾಗಲಿ ಎಂದು ಬೆಳೆಗಾರರ ಸಂಘಟನೆಗಳು ಕೇಳುವುದು ಪೂರ್ತಿ ನ್ಯಾಯ. ಆ ಬೇಡಿಕೆಯ ಪಟ್ಟಿಯಲ್ಲಿ ತೋಟದ ಆಳಿನ ಅಡ್ವಾನ್ಸಿನ ಮಾತೂ ಒಂದು ಸಾಲಾಗಿ ಸೇರಬೇಕು.

ಜೀತದ ವಿರುದ್ಧ ದುಡಿಯುವವರೊಡನೆಯೂ ನನಗೆ ಒಂದು ಸಣ್ಣ ಭಿನ್ನಾಭಿಪ್ರಾಯವಿದೆ. ಕಿರಣ್ ಕಮಲ್ ಪ್ರಸಾದ್ ಅವರ ಜೀತ ವಿಮುಕ್ತಿ ಕರ್ನಾಟಕದಂಥ ಸಂಘಟನೆ ಇಲ್ಲದಿದ್ದರೆ ಈ ರಾಜ್ಯದಲ್ಲಿ ಜೀತದ ಸುದ್ದಿಯೇ ಕಡತಕ್ಕೆ ಏರುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೆ ವೇದಿಕೆಯ ಮೇಲೆ ಎಲ್ಲ ಕಡಿಮೆ ಸಂಬಳವನ್ನೂ, ಎಲ್ಲ ದೀರ್ಘ ದುಡಿಮೆಯನ್ನೂ, ಐಟಿ ಕಂಪನಿಯ ರಾತ್ರಿ ಪಾಳಿಯನ್ನೂ ಜೀತ ಎಂದು ಕರೆಯುವ ರೂಢಿ ಬೆಳೆದಿದೆ. ರಾಜೀನಾಮೆ ಬರೆದುಕೊಟ್ಟು ಹೊರಡಬಲ್ಲವನ ಕಷ್ಟ ಕಷ್ಟವೇ. ಅದನ್ನು ಜೀತ ಎಂದರೆ ಹೊರಡಲಾಗದವನ ಕಷ್ಟಕ್ಕೆ ಹೇಳಲು ನಮ್ಮ ಹತ್ತಿರ ಏನೂ ಉಳಿಯುವುದಿಲ್ಲ, ತಹಶೀಲ್ದಾರರಿಗೂ ತಳ್ಳಿಹಾಕಲು ನೆವ ಸಿಗುತ್ತದೆ.

ಸಂಖ್ಯೆಗಳೂ ಹಾಗೇ. 1978ರಲ್ಲಿ ಗಾಂಧಿ ಶಾಂತಿ ಪ್ರತಿಷ್ಠಾನ ಮತ್ತು ರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಮೀಕ್ಷೆ ಹತ್ತು ರಾಜ್ಯಗಳಲ್ಲಿ 26 ಲಕ್ಷ ಜೀತದಾಳುಗಳನ್ನು ಲೆಕ್ಕಹಾಕಿತು. 2016ರಲ್ಲಿ ಕೇಂದ್ರ ಸರ್ಕಾರ 2030ರೊಳಗೆ 1.84 ಕೋಟಿ ಜನರನ್ನು ಬಿಡಿಸುವ ಗುರಿ ಹೇಳಿತು. ಈ ಅಂಕಿಗಳ ಬಗ್ಗೆ ಎಷ್ಟು ಬೇಕಾದರೂ ಚರ್ಚಿಸಬಹುದು. ನಮ್ಮ ತಾಲ್ಲೂಕಿನ ಕಡತದಲ್ಲಿ ಇರುವ ಅಂಕಿ ಎಷ್ಟು, ಅದನ್ನು ಬರೆಯುವ ಮೊದಲು ಯಾರು ಯಾವ ತೋಟದ ಮನೆಗೆ ಹೋಗಿದ್ದರು ಎಂಬುದು ನಮಗೆ ಹತ್ತಿರದ ಪ್ರಶ್ನೆ.

ಅದಕ್ಕೆ ಉತ್ತರ ಕೊಡಬೇಕಾದವರು ಇದ್ದಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಸೇರಿ ಒಂದೇ ಉಪವಿಭಾಗ. ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಪ್ರತಿ ಉಪವಿಭಾಗಕ್ಕೆ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯಲ್ಲಿ ಒಂದು ಜಾಗೃತಿ ಸಮಿತಿ ಇರಬೇಕು, ಅದರಲ್ಲಿ ಆ ಉಪವಿಭಾಗದಲ್ಲೇ ವಾಸವಾಗಿರುವ ಪರಿಶಿಷ್ಟ ಜಾತಿ, ಪಂಗಡದ ಮೂವರು, ಇಬ್ಬರು ಸಮಾಜ ಸೇವಕರು ಇರಬೇಕು. ಈ ಸಮಿತಿ ತೋಟದ ಮನೆಗಳಿಗೆ ಹೋಗಬೇಕು, ಯಜಮಾನ ಎದುರಿಗಿಲ್ಲದಾಗ ಗಂಡಸನ್ನೂ ಹೆಂಗಸನ್ನೂ ಬೇರೆ ಬೇರೆಯಾಗಿ ಮಾತಾಡಿಸಬೇಕು, “ಕೂಡಿಹಾಕಿದ್ದಾರಾ” ಎಂದು ಕೇಳುವ ಬದಲು “ಬಾಕಿ ಎಷ್ಟಿದೆ, ತೀರಿಸದೆ ಹೋಗಬಹುದಾ” ಎಂದು ಕೇಳಬೇಕು. ಜೈಲಿಗೆ ಕಳಿಸುವುದಕ್ಕೆ ನಾನು ಅವಸರಪಡುವವನಲ್ಲ. ಮೊದಲು ಬಿಡುಗಡೆ ಪತ್ರ ಕೈಗೆ ಬರಲಿ. 2016ರ ಪುನರ್ವಸತಿ ಯೋಜನೆಯಲ್ಲಿ ಗಂಡಸಿಗೆ ಒಂದು ಲಕ್ಷ, ಹೆಂಗಸರಿಗೂ ಮಕ್ಕಳಿಗೂ ಎರಡು ಲಕ್ಷ ಎಂದಿದ್ದರೂ ಪೂರ್ತಿ ಹಣವನ್ನು ಮೊಕದ್ದಮೆಯ ತೀರ್ಪಿಗೆ ಗಂಟುಹಾಕಿದ್ದಾರೆ, ತಕ್ಷಣಕ್ಕೆ ಸಿಗುವುದು 30,000 ಮಾತ್ರ. ಈ ಗಂಟನ್ನು ಸರ್ಕಾರ ಬಿಚ್ಚಬೇಕು. ಬಿಡುಗಡೆಯಾದವನ ಮುಂದಿನ ತಿಂಗಳ ಊಟ ಬೇರೊಬ್ಬನಿಗೆ ಶಿಕ್ಷೆಯಾಗುವುದನ್ನು ಕಾಯಬಾರದು.

ತೋಟದವರಲ್ಲಿ ನನ್ನ ವಿನಂತಿ ಹೀಗಿದೆ. ಸಾಲ ಕೊಡುವುದಾದರೆ ಸಾಲವೆಂದೇ ಕೊಡಿ, ಅದಕ್ಕೆ ಬೇರೆ ಕಾಗದ ಮಾಡಿ, ಕೆಲಸ ಬಿಟ್ಟರೂ ಕಂತಿನಲ್ಲಿ ತೀರಿಸಬಹುದೆಂದು ಅದರಲ್ಲಿ ಬರೆಯಿರಿ. ಕೂಲಿಯನ್ನು ವಾರಕ್ಕೊಮ್ಮೆ ಪೂರ್ತಿ ಕೈಗೆ ಕೊಡಿ, ಹೆಂಗಸಿನ ಕೂಲಿಯನ್ನು ಹೆಂಗಸಿನ ಕೈಗೇ ಕೊಡಿ. ಲೆಕ್ಕದ ಪುಸ್ತಕ ಎರಡಿರಲಿ, ಒಂದು ಅವರ ಹತ್ತಿರ ಇರಲಿ. ಆಧಾರ್ ಕಾರ್ಡು, ಪಡಿತರ ಚೀಟಿಯನ್ನು ನಿಮ್ಮ ಬೀರುವಿನಲ್ಲಿ ಇಟ್ಟುಕೊಂಡಿದ್ದರೆ ಈ ದಿನವೇ ಹಿಂದಿರುಗಿಸಿ. ಅವರ ಮಕ್ಕಳು ಕಾಯಿ ಆರಿಸುತ್ತಿದ್ದರೆ ಹತ್ತಿರದ ಶಾಲೆಗೆ ನೀವೇ ಕರೆದುಕೊಂಡು ಹೋಗಿ ಸೇರಿಸಿ.

ಮತ್ತು ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಅಂಥ ತೋಟದ ಮನೆ ಗೊತ್ತಿದ್ದರೆ, ಆ ಸಂಸಾರಕ್ಕೆ ಎರಡು ವಿಷಯ ತಿಳಿಸಿ. ಬಿಳಿ ಹಾಳೆಯ ಮೇಲೆ ಬರೆದ ಅರ್ಜಿಯನ್ನು ತಿಪಟೂರಿನ ಉಪವಿಭಾಗಾಧಿಕಾರಿ ಕಚೇರಿಗೆ ಕೊಡಬಹುದು, ಬರೆಯಲು ಬಾರದಿದ್ದರೆ ಉಚಿತ ಕಾನೂನು ನೆರವಿನ 15100ಕ್ಕೆ ಫೋನ್ ಮಾಡಬಹುದು. ಜೀತದ ಸಾಲವೆಂದು ತೀರ್ಮಾನವಾದ ಸಾಲವನ್ನು ತೀರಿಸಬೇಕಾಗಿಲ್ಲ. ಅದನ್ನು ವಸೂಲಿ ಮಾಡಿಕೊಳ್ಳುವುದೇ ಅಪರಾಧ.